ಎಂಟಕ್ಕೆ ಎಂಟೂ ತಪ್ಪು

ಜನವರಿ 8

ಮಗಳೇ,

ನಿನ್ನ ರಿಸಲ್ಟು ನೋಡಿದೆ. ಕೇಳುವುದರಲ್ಲಿ ಪಾಸು, ಮಾತಾಡುವುದರಲ್ಲಿ ಪಾಸು, ಬರೆಯುವುದರಲ್ಲೂ ಪಾಸು. ಓದುವುದರಲ್ಲಿ ಮಾತ್ರ ನಲವತ್ತಕ್ಕೆ ಇಪ್ಪತ್ತೈದು. ಬೇಕಾದದ್ದು ಮೂವತ್ತು. ಇಂಗ್ಲಿಷ್ ಓದುವ ಪರೀಕ್ಷೆಗೆ ಇಪ್ಪತ್ತೆಂಟು ವರ್ಷದಿಂದ ಪಾಠ ಹೇಳುತ್ತಿರುವವಳ ಸೊಸೆಯೇ ಅದರಲ್ಲಿ ಎರಡು ಸಲ ಜಾರಿ ಬಿದ್ದಳೆಂದರೆ ನಾನು ಯಾವ ಮುಖ ಹೊತ್ತುಕೊಂಡು ಬೋರ್ಡಿನ ಮುಂದೆ ನಿಲ್ಲಲಿ? ಅಳಬೇಡ, ತಮಾಷೆಗೆ ಹೇಳಿದೆ.

ನೀನು ಹೋಗಬೇಕೆಂದಿರುವ ದೇಶದ ಆಸ್ಪತ್ರೆಯವರು ನಿನಗಾಗಿ ನರ್ಸ್ ಕೆಲಸವನ್ನು ಆಗಸ್ಟ್ ಕೊನೆಯವರೆಗೆ ಹಿಡಿದಿಡುತ್ತೇವೆ ಎಂದಿದ್ದಾರೆ. ಮೇ ತಿಂಗಳಲ್ಲಿ ಇನ್ನೊಂದು ಪರೀಕ್ಷೆ ಇದೆ. ಅಷ್ಟರೊಳಗೆ ನಿನ್ನನ್ನು ದಡ ಮುಟ್ಟಿಸುವುದು ನನ್ನ ಜವಾಬ್ದಾರಿ. ಇದರೊಂದಿಗೆ ಒಂದು ಪ್ಯಾಸೇಜು, ಹದಿಮೂರು ಪ್ರಶ್ನೆ ಇಟ್ಟಿದ್ದೇನೆ. ಇಪ್ಪತ್ತು ನಿಮಿಷದಲ್ಲಿ ಬರೆದು ಉತ್ತರದ ಹಾಳೆಯನ್ನು ಅಂಚೆಯಲ್ಲಿ ಕಳಿಸು. ತಿದ್ದಿ ಹೊಸದರ ಜೊತೆ ವಾಪಸು ಕಳಿಸುತ್ತೇನೆ.

ಈ ಕಾಲದಲ್ಲಿ ಅಂಚೆ ಯಾಕೆ ಎಂದು ನಗುತ್ತೀಯ. ಪರೀಕ್ಷೆ ಕಾಗದದ ಮೇಲೆ, ಆದ್ದರಿಂದ ಅಭ್ಯಾಸವೂ ಕಾಗದದ ಮೇಲೆ. ಇನ್ನೊಂದು ಕಾರಣವೂ ಇದೆ. ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’, ‘ಆಯ್ತು’ಗಿಂತ ಮುಂದೆ ಹೋದದ್ದು ನನಗೆ ನೆನಪಿಲ್ಲ. ನನ್ನ ಮಗ ಇದ್ದಾಗ ನಮ್ಮ ಮಾತು ಅವನ ಮೂಲಕ ಹೋಗುತ್ತಿತ್ತು, ಅವನ ಮೂಲಕ ಬರುತ್ತಿತ್ತು. ಅವನು ತೀರಿಹೋಗಿ ಮೂರು ವರ್ಷವಾದರೂ ಅತ್ತೆ ಸೊಸೆಗೆ ನೇರವಾಗಿ ಮಾತಾಡುವುದು ಬಂದಿಲ್ಲ.

ಒಂದು ಸೂಚನೆ. ಪ್ರತಿ ವಾಕ್ಯದ ಮುಂದೆ ಸರಿ, ತಪ್ಪು, ಅಥವಾ ‘ಹೇಳಿಲ್ಲ’ ಎಂದು ಗುರುತು ಹಾಕಬೇಕಾದ ಪ್ರಶ್ನೆಗಳಿರುತ್ತವೆ. ಎಲ್ಲರೂ ಎಡವುವುದು ಅಲ್ಲೇ. ಪ್ಯಾಸೇಜಿನಲ್ಲಿ ಇಲ್ಲದ್ದನ್ನು ತಮ್ಮ ಮನೆಯಿಂದ ತಂದು ತುಂಬುತ್ತಾರೆ. ನೀನು ತುಂಬಬೇಡ. ಬರೆದದ್ದು ಎಷ್ಟೋ ಅಷ್ಟು.

ಇಲ್ಲಿ ಈ ಸಲ ಹದಿನಾರು ಮಂದಿ ಸೇರಿದ್ದಾರೆ. ಬೆಂಚು ಸಾಲದೆ ಕೆಳಗಿನ ಚಪ್ಪಲಿ ಅಂಗಡಿಯಿಂದ ಎರಡು ಸ್ಟೂಲು ತರಿಸಿದ್ದೇನೆ. ನನ್ನ ಚಿಂತೆ ಬೇಡ, ತಲೆ ತುರಿಸಲೂ ಪುರುಸೊತ್ತಿಲ್ಲ.

ಅತ್ತೆ


ಜನವರಿ 21

ಅತ್ತೆಯವರಿಗೆ ನಮಸ್ಕಾರ.

ಹಾಳೆ ಇಟ್ಟಿದ್ದೇನೆ. ಇಪ್ಪತ್ತು ನಿಮಿಷ ಅಂದಿದ್ದಿರಿ, ಇಪ್ಪತ್ತಾರು ಆಯಿತು. ಸುಳ್ಳು ಹೇಳುವುದಿಲ್ಲ.

ಉಪ್ಪಿನ ಇತಿಹಾಸ ಓದಿ ತಲೆ ಗಿರ್ರೆಂದಿತು. ನಮ್ಮ ವಾರ್ಡಿನಲ್ಲಿ ಇಪ್ಪತ್ತನಾಲ್ಕು ಮಂಚ, ಎಲ್ಲ ಆಪರೇಷನ್ ಆದ ಹೆಂಗಸರು. ಡಾಕ್ಟರುಗಳ ಕೋಳಿ ಕೆದಕಿದ ಅಕ್ಷರ ಓದಿ ಔಷಧಿ ಕೊಡುತ್ತೇನೆ, ಇಷ್ಟು ವರ್ಷದಲ್ಲಿ ಒಂದು ತಪ್ಪಿಲ್ಲ. ಅಚ್ಚುಕಟ್ಟಾಗಿ ಅಚ್ಚಾದ ಪುಟ ಮುಂದಿಟ್ಟರೆ ಮಾತ್ರ ಕಣ್ಣು ಕಟ್ಟಿದ ಹಾಗಾಗುತ್ತದೆ. ಹನ್ನೊಂದನೇ ಮಂಚದ ಅಜ್ಜಿ, ‘ಸಿಸ್ಟರ್, ನೀವೇನು ಮಂತ್ರ ಜಪಿಸ್ತಿದೀರಾ’ ಎಂದು ಕೇಳಿದರು. ನನಗೆ ಗೊತ್ತಿಲ್ಲದೆ ತುಟಿ ಅಲ್ಲಾಡಿಸಿ ಓದುತ್ತಿದ್ದೆನಂತೆ.

ಎಕ್ಸ್-ರೇ ವಿಭಾಗದಲ್ಲಿ ಒಬ್ಬರಿದ್ದಾರೆ, ಹೋದ ವರ್ಷವೇ ಈ ಪರೀಕ್ಷೆ ಪಾಸು ಮಾಡಿದವರು. ತಮ್ಮ ಹಳೆಯ ಪ್ರಶ್ನೆಗಳ ಪುಸ್ತಕ ಕೊಟ್ಟಿದ್ದಾರೆ. ಅದನ್ನೂ ಮಾಡಲೇ?

ಹದಿನಾರು ಮಂದಿಗೆ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳಬೇಡಿ. ಹೊತ್ತಿಗೆ ಸರಿಯಾಗಿ ತಿನ್ನಿ.

ನಿಮ್ಮ ಸೊಸೆ


ಫೆಬ್ರವರಿ 2

ಮಗಳೇ,

ಹದಿಮೂರಕ್ಕೆ ಒಂಬತ್ತು. ಬೆನ್ನು ತಟ್ಟಬೇಕಾದದ್ದೇ. ಆದರೆ ಪ್ಯಾಸೇಜನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೀಯ ಎಂದು ಗೊತ್ತಾಗುತ್ತದೆ. ಓದಬಾರದು. ಮೊದಲು ಪ್ರಶ್ನೆ ನೋಡು, ಆಮೇಲೆ ಉತ್ತರ ಇರುವ ಜಾಗಕ್ಕೆ ನೇರವಾಗಿ ನುಗ್ಗು. ಉಪ್ಪು ಯಾರದಾದರೇನು, ನಮಗೆ ಬೇಕಾದದ್ದು ಮಾರ್ಕು.

ತುಟಿ ಅಲ್ಲಾಡಿಸಿ ಓದುವ ಅಭ್ಯಾಸ ನಿನ್ನ ಗಂಡನದು. ಲಿಫ್ಟು ರಿಪೇರಿಯ ಕೈಪಿಡಿಯನ್ನೂ ಅವನು ಹಾಗೇ ಓದುತ್ತಿದ್ದ. ಅವನನ್ನು ಹಾಸ್ಟೆಲಿಗೆ ಹಾಕಿದಾಗ ವಾರಕ್ಕೊಂದು ಇಂಗ್ಲಿಷ್ ಪತ್ರ ಬರೆ ಎಂದಿದ್ದೆ. ಬಂದ ಪತ್ರವನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದೆ. ಐದೋ ಆರೋ ಆದ ಮೇಲೆ ಬರೆಯುವುದನ್ನೇ ಬಿಟ್ಟ. ಆ ಪತ್ರಗಳಲ್ಲಿ ಅವನು ಏನು ಬರೆದಿದ್ದ ಎಂದು ಇವತ್ತು ನೆನಪು ಮಾಡಿಕೊಳ್ಳಲು ಹೊರಟರೆ ತಪ್ಪುಗಳೇ ನೆನಪಾಗುತ್ತವೆ. ಹುಡುಗರು ನನಗೆ ‘ಕೆಂಪು ಪೆನ್ನು’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಎಕ್ಸ್-ರೇಯವರ ಪುಸ್ತಕ ಬೇಡ. ಅಂಥ ಪುಸ್ತಕಗಳಲ್ಲಿ ಹಿಂದೆ ಕೊಟ್ಟಿರುವ ಉತ್ತರಗಳೇ ತಪ್ಪಿರುತ್ತವೆ. ನಾನು ಕಳಿಸಿದ್ದು ಸಾಕು.

ಅತ್ತೆ


ಮಾರ್ಚ್ 3

ಅತ್ತೆಯವರಿಗೆ ನಮಸ್ಕಾರ.

ಈ ಸಲ ಹತ್ತೊಂಬತ್ತು ನಿಮಿಷ. ಎಕ್ಸ್-ರೇಯವರು ಗಡಿಯಾರ ಹಿಡಿದು ಕೂತಿದ್ದರು, ಆದ್ದರಿಂದ ಸಾಕ್ಷಿ ಇದೆ. ಕ್ಯಾಂಟೀನಿನ ಮೂಲೆಯ ಮೇಜು ಈಗ ನಮ್ಮ ತರಗತಿ. ನಿಮ್ಮ ಮಾತಿನಂತೆ ಅವರ ಪುಸ್ತಕ ವಾಪಸು ಕೊಟ್ಟೆ. ‘ನಿಮ್ಮತ್ತೆ ಹೇಳಿದ್ದು ನಿಜ, ಅದರಲ್ಲಿ ಹನ್ನೆರಡು ಉತ್ತರ ತಪ್ಪಿದೆ’ ಎಂದು ಅವರೇ ಒಪ್ಪಿಕೊಂಡರು. ನಿಮ್ಮನ್ನು ನೋಡದೆಯೇ ನಿಮ್ಮ ಮೇಲೆ ಭಕ್ತಿ ಹುಟ್ಟಿದೆ ಅವರಿಗೆ.

ನಾನು ಹೋಗಬೇಕೆಂದಿರುವ ಆಸ್ಪತ್ರೆಯಲ್ಲೇ ಅವರಿಗೂ ಕೆಲಸ ಸಿಕ್ಕಿದೆ. ಸೆಪ್ಟೆಂಬರಿನ ಮೊದಲ ವಾರ ಹೊರಡುತ್ತಾರೆ. ಗುರುತಿನವರು ಒಬ್ಬರು ಅಲ್ಲಿರುತ್ತಾರೆ ಎಂದು ಮನಸ್ಸಿಗೆ ಸ್ವಲ್ಪ ಧೈರ್ಯ. ಅವರು ಹೆಚ್ಚು ಮಾತಿನವರಲ್ಲ. ‘ಜನರ ಎಲುಬು ನೋಡಿ ಬದುಕೋನು ನಾನು, ಮುಖ ನೋಡಿ ಮಾತಾಡೋದು ಅಭ್ಯಾಸ ಇಲ್ಲ’ ಎನ್ನುತ್ತಾರೆ. ಆದರೆ ಹನ್ನೊಂದನೇ ಮಂಚದ ಅಜ್ಜಿ ಮನೆಗೆ ಹೋಗುವ ದಿನ ಗಾಲಿಕುರ್ಚಿ ತಳ್ಳಿಕೊಂಡು ಗೇಟಿನವರೆಗೆ ಬಿಟ್ಟು ಬಂದರು. ಎಕ್ಸ್-ರೇಯವರ ಕೆಲಸವಲ್ಲ ಅದು.

ಮೇ ಪರೀಕ್ಷೆಗೆ ಹೆಸರು ಕೊಟ್ಟಿದ್ದೇನೆ. ಈ ಸಲ ಆಗುತ್ತದೆ ಅತ್ತೆ. ಯಾಕೋ ನಂಬಿಕೆ ಬಂದಿದೆ.

ನಿಮ್ಮ ಸೊಸೆ


ಮಾರ್ಚ್ 18

ಮಗಳೇ,

ಹದಿಮೂರಕ್ಕೆ ಹನ್ನೆರಡು. ತಪ್ಪಾದ ಒಂದು ನನ್ನ ಹುಡುಗರಲ್ಲೂ ಯಾರಿಗೂ ಬಂದಿರಲಿಲ್ಲ. ಇದೇ ಗತಿಯಲ್ಲಿ ಹೋದರೆ ಮೂವತ್ತೈದಕ್ಕೆ ಮೋಸವಿಲ್ಲ.

ಒಂದು ವಾರ ಜ್ವರ ಬಂದು ಮಲಗಿದ್ದೆ, ಆದ್ದರಿಂದ ತಡ. ಈಗ ಎದ್ದಿದ್ದೇನೆ, ಗಾಬರಿಯಾಗಬೇಡ. ಗಂಜಿ ಕಾಯಿಸಿಕೊಳ್ಳುವಷ್ಟು ಶಕ್ತಿ ಇತ್ತು. ಚಪ್ಪಲಿ ಅಂಗಡಿಯವರು ದಿನಕ್ಕೊಮ್ಮೆ ಮೆಟ್ಟಿಲ ಕೆಳಗಿನಿಂದ ಕೂಗಿ ಕೇಳುತ್ತಿದ್ದರು.

ಸೆಪ್ಟೆಂಬರಿನಲ್ಲಿ ನೀನು ಹೊರಟ ಮೇಲೆ ಅಂಚೆಯವನಿಗೂ ಈ ಇಪ್ಪತ್ತೆರಡು ಮೆಟ್ಟಿಲು ಹತ್ತುವ ಶ್ರಮ ತಪ್ಪುತ್ತದೆ. ಅವನ ಮಂಡಿಗೆ ಒಳ್ಳೆಯದಾಗಲಿ.

ಹೊಸ ಪ್ಯಾಸೇಜು ವಲಸೆ ಹಕ್ಕಿಗಳ ಬಗ್ಗೆ. ಕಷ್ಟದ್ದು. ಎಂಟು ಪ್ರಶ್ನೆ ಸರಿ, ತಪ್ಪು, ಹೇಳಿಲ್ಲ. ಎಚ್ಚರಿಕೆಯಿಂದ ಮಾಡು.

ಅತ್ತೆ


ಏಪ್ರಿಲ್ 10

ಅತ್ತೆಯವರಿಗೆ ನಮಸ್ಕಾರ.

ಜ್ವರ ಪೂರ್ತಿ ಬಿಟ್ಟಿತೇ? ರಕ್ತ ಪರೀಕ್ಷೆ ಮಾಡಿಸಿದಿರಾ? ಜ್ವರದ ದಿನಗಳಲ್ಲಿ ರಾತ್ರಿ ಮಂಚದ ಪಕ್ಕ ನೀರು ಇಟ್ಟುಕೊಳ್ಳುತ್ತಿದ್ದಿರಾ? ಯಾರಾದರೂ ಜೊತೆಗೆ ಇದ್ದರೇ? ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದೀನಿ’ ಅನ್ನುತ್ತೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹಾಳೆ ಕಳಿಸಲು ತಡವಾಯಿತು. ಡ್ಯೂಟಿ ಜಾಸ್ತಿ. ಹಕ್ಕಿಗಳ ಪ್ಯಾಸೇಜು ಅರ್ಥವೇ ಆಗಲಿಲ್ಲ. ಮಾಡಿದ್ದೇನೆ, ಆದರೆ ಸರಿಯಾಗಿರುವ ಹಾಗೆ ಕಾಣುವುದಿಲ್ಲ. ಮುಂಚೆ ಬಂದ ಒಳ್ಳೆಯ ಮಾರ್ಕೆಲ್ಲ ಅದೃಷ್ಟವೇ ಇರಬೇಕು.

ನಿಮ್ಮ ಸೊಸೆ


ಏಪ್ರಿಲ್ 19

ಮಗಳೇ,

ಸರಿ, ತಪ್ಪು, ಹೇಳಿಲ್ಲ ಪ್ರಶ್ನೆಗಳಲ್ಲಿ ಎಂಟಕ್ಕೆ ಎಂಟೂ ತಪ್ಪು. ಅಜಾಗರೂಕತೆ. ಆಯಾಸಕ್ಕೆ ಹೀಗಾಗುತ್ತದೆ, ತಲೆ ಕೆಡಿಸಿಕೊಳ್ಳಬೇಡ.

ಜ್ವರ ಬಿಟ್ಟಿದೆ. ನೀನು ಕೇಳಿದ್ದೆಲ್ಲಕ್ಕೂ ಉತ್ತರ: ನೀರು ಇಟ್ಟುಕೊಳ್ಳುತ್ತಿದ್ದೆ, ಜೊತೆಗೆ ಯಾರೂ ಇರಲಿಲ್ಲ, ಬೇಕಾಗಲೂ ಇಲ್ಲ. ಆದರೆ ನೀನು ಇಷ್ಟೊಂದು ಕೇಳಿದ್ದು ಓದಿ ಬಹಳ ಹೊತ್ತು ಕಿಟಕಿ ಹತ್ತಿರ ಕೂತೆ. ಅವನು ಹೋದ ಮೇಲೆ ನನ್ನ ಮಂಚದ ಪಕ್ಕ ನೀರಿದೆಯೇ ಎಂದು ಕೇಳಿದವರು ಯಾರೂ ಇರಲಿಲ್ಲ.

ನಿನ್ನೆ ಅವನ ಸ್ಪ್ಯಾನರುಗಳ ಪೆಟ್ಟಿಗೆ ತೆಗೆದು ಒಂದೊಂದನ್ನೂ ಒರೆಸಿ ಎಣ್ಣೆ ಹಚ್ಚಿಟ್ಟೆ. ತುಕ್ಕು ಹಿಡಿದಿತ್ತು. ನೀನು ಮುಂದಿನ ಸಲ ಬಂದಾಗ ನಿನಗೆ ಬೇಕಾದ್ದು ಒಂದು ತೆಗೆದುಕೋ.

ಮೇ ತಿಂಗಳಲ್ಲಿ ಆಗದಿದ್ದರೆ ಪ್ರಪಂಚ ಮುಳುಗುವುದಿಲ್ಲ. ಪರೀಕ್ಷೆ ಎಲ್ಲಿ ಓಡಿಹೋಗುತ್ತದೆ? ಈ ಸಲ ಎರಡು ಪ್ಯಾಸೇಜು ಇಟ್ಟಿದ್ದೇನೆ. ಎಂದಿನಂತೆ ಬರೆದು ಕಳಿಸು. ಪತ್ರವನ್ನು ಇನ್ನಷ್ಟು ಉದ್ದ ಬರೆ.

ಅತ್ತೆ


ಜೂನ್ 14

ಅತ್ತೆಯವರಿಗೆ ನಮಸ್ಕಾರ.

ರಿಸಲ್ಟು ಬಂತು. ಹದಿನೇಳು. ಮೊದಲ ಸಲಕ್ಕಿಂತಲೂ ಕಡಿಮೆ. ನಿಮ್ಮ ಶ್ರಮವನ್ನೆಲ್ಲ ನೀರಿನಲ್ಲಿ ಹೋಮ ಮಾಡಿದೆ. ಕ್ಷಮಿಸಿ.

ಜುಲೈ ಪರೀಕ್ಷೆಗೆ ಜಾಗ ತುಂಬಿದೆಯಂತೆ. ಇನ್ನು ಆಗಸ್ಟಿನೊಳಗೆ ಸಾಧ್ಯವಿಲ್ಲ. ಇರಲಿ ಬಿಡಿ ಅತ್ತೆ. ಎಲ್ಲರಿಗೂ ಎಲ್ಲವೂ ಬರಬೇಕೆಂದಿಲ್ಲ. ಇಲ್ಲಿ ಕೆಲಸ ಇದೆ, ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಇದೆ, ಬಸ್ಸು ಹತ್ತಿದರೆ ಆರು ತಾಸಿಗೆ ನಿಮ್ಮ ಮನೆ. ತಿಂಗಳಿಗೊಮ್ಮೆ ಬಂದು ಹೋಗುತ್ತೇನೆ. ಬರಬಹುದು ತಾನೇ?

ಹಳೆಯ ಎರಡು ಪ್ಯಾಸೇಜಿನ ಹಾಳೆಗಳು ಇಲ್ಲಿವೆ. ಅಭ್ಯಾಸ ಮಾತ್ರ ಬಿಡುವುದಿಲ್ಲ. ನೀವು ಕಳಿಸುತ್ತಿರಿ.

ನಿಮ್ಮ ಸೊಸೆ


ಜೂನ್ 25

ಮಗಳೇ,

ಬರಬಹುದೇ ಎಂದು ಕೇಳುತ್ತಾರೆಯೇ? ನಿನ್ನ ಮನೆ ಇದು. ಕೋಣೆಯ ಹಳೇ ಪರದೆ ತೆಗೆದು ಹೊಸದು ಹಾಕಿಸಿದ್ದೇನೆ.

ಹದಿನೇಳಕ್ಕೆ ಅಳಬೇಡ. ನಿನ್ನ ಎರಡು ಹಾಳೆಯನ್ನೂ ತಿದ್ದಿ ಇಟ್ಟಿದ್ದೇನೆ. ಅದರ ಬಗ್ಗೆ ಈಗ ಏನೂ ಹೇಳುವುದಿಲ್ಲ, ನೀನು ಬಂದಾಗ ನೋಡೋಣ. ಬರುವ ದಿನ ಮೊದಲೇ ತಿಳಿಸು.

ಅತ್ತೆ


ಸೆಪ್ಟೆಂಬರ್ 6

ಅತ್ತೆಯವರಿಗೆ ನಮಸ್ಕಾರ.

ಜುಲೈ, ಆಗಸ್ಟಿನಲ್ಲಿ ಬಂದಾಗ ನೀವು ನನಗಾಗಿ ಪಟ್ಟ ಸಡಗರ ಮರೆಯುವುದಿಲ್ಲ. ಎರಡು ಸಲವೂ ನೀವು ಹಾಳೆಗಳ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಆಸ್ಪತ್ರೆಯಿಂದ ಪತ್ರ ಬಂತು. ನನ್ನ ಜಾಗವನ್ನು ಬೇರೆಯವರಿಗೆ ಕೊಟ್ಟಿದ್ದಾರೆ.

ಎಕ್ಸ್-ರೇಯವರು ಮೊನ್ನೆ ಹೊರಟರು. ಕ್ಯಾಂಟೀನಿನಲ್ಲಿ ಎಲ್ಲರೂ ಸೇರಿ ಟೀ ಕೊಟ್ಟರಂತೆ. ನನಗೆ ಡ್ಯೂಟಿ ಇತ್ತು. ಮಧ್ಯದಲ್ಲಿ ಒಮ್ಮೆ ವಾರ್ಡಿನ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಡ್ರೆಸ್ಸಿಂಗ್ ಟ್ರೇ ಇತ್ತು, ‘ಹೋಗಿ ಬನ್ನಿ’ ಅಂದೆ. ಅಷ್ಟೇ.

ಈ ತಿಂಗಳು ಬರಲಾಗುವುದಿಲ್ಲ. ಮೈಗೆ ಹುಷಾರಿಲ್ಲ.

ನಿಮ್ಮ ಸೊಸೆ


ಸೆಪ್ಟೆಂಬರ್ 20

ಮಗಳೇ,

ಈ ಪತ್ರವನ್ನು ಏಪ್ರಿಲಿನಲ್ಲೇ ಬರೆಯಬೇಕಿತ್ತು.

ಮೂರು ಆಯ್ಕೆ ಇರುವ ಎಂಟು ಪ್ರಶ್ನೆಗೆ ಕಣ್ಣು ಮುಚ್ಚಿಕೊಂಡು ಗುರುತು ಹಾಕಿದರೂ ಎರಡೋ ಮೂರೋ ಸರಿಯಾಗುತ್ತವೆ. ಏನೂ ಬಾರದ ಹುಡುಗರ ಹಾಳೆಯಲ್ಲೂ ಆಗುತ್ತವೆ. ಸಾವಿರಾರು ಹಾಳೆ ತಿದ್ದಿದ್ದೇನೆ. ಎಂಟಕ್ಕೆ ಎಂಟೂ ತಪ್ಪು ಎಲ್ಲೋ ಒಮ್ಮೆ ಬೀಳಬಹುದು. ನಿನ್ನದು ಒಂದರ ಮೇಲೊಂದು ಮೂರು ಹಾಳೆಯಲ್ಲಿ ಬಿತ್ತು. ಹಾಗಾಗಬೇಕಾದರೆ ಎಲ್ಲ ಉತ್ತರವೂ ಗೊತ್ತಿರಬೇಕು. ಗೊತ್ತಿದ್ದು, ಒಂದೊಂದನ್ನೂ ತಪ್ಪಿಸಿ ಬರೆಯಬೇಕು. ಅವಸರದಲ್ಲಿ ಅಪ್ಪಿತಪ್ಪಿ ಒಂದನ್ನಾದರೂ ಸರಿ ಮಾಡಬಾರದಿತ್ತೇ? ನೀನು ಸುಳ್ಳು ಹೇಳಲೂ ಬಾರದವಳು.

ಮೊದಲ ಹಾಳೆ ನೋಡಿದಾಗಲೇ ನನಗೆ ಸಂಶಯ ಬಂದಿತ್ತು. ಆದರೂ ‘ಅಜಾಗರೂಕತೆ’ ಎಂದು ಬರೆದೆ. ಉಳಿದ ಎರಡು ಬಂದಾಗ ಸಂಶಯಕ್ಕೆ ಜಾಗವೇ ಇರಲಿಲ್ಲ. ಆಗ ಏನೂ ಬರೆಯಲಿಲ್ಲ.

ಇನ್ನೊಂದು. ನಿನ್ನ ಪತ್ರಗಳನ್ನು ನಾನು ಹೇಗೆ ಓದುತ್ತೇನೆ ಎಂದು ನಿನಗೆ ಗೊತ್ತಿಲ್ಲ. ಜನವರಿಯಲ್ಲಿ ಎಕ್ಸ್-ರೇಯವರು ಒಂದು ಕಡೆ ಬಂದರು. ಮಾರ್ಚಿನ ಪತ್ರದಲ್ಲಿ ಅವರಿಲ್ಲದ ಪ್ಯಾರಾ ಒಂದೇ. ಬಂದ ಕಡೆಯೆಲ್ಲ ಕೆಂಪು ಗೆರೆ ಎಳೆದಿದ್ದೇನೆ, ಪತ್ರ ಇಲ್ಲೇ ಮುಂದಿದೆ. ಏಪ್ರಿಲಿನಲ್ಲಿ ಗೆರೆ ಎಳೆಯಲು ಒಂದು ಜಾಗವೂ ಸಿಗಲಿಲ್ಲ. ಆಗ ನನಗೆ ಸಂತೋಷವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಸಂತೋಷವೇ.

ಅಂಚೆಯವನ ಮಂಡಿಯ ಮಾತು ತಮಾಷೆಯಲ್ಲ. ತಮಾಷೆಯಂತೆ ಕಾಣುವವರೆಗೆ ಆ ವಾಕ್ಯವನ್ನು ನಾಲ್ಕು ಸಲ ಹರಿದು ಬರೆದಿದ್ದೆ. ಅದು ನಿನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ತಾಗಲಿ ಎಂದೇ ಬರೆದದ್ದು. ಹದಿನಾರು ಮಂದಿಯೂ ಸುಳ್ಳು. ಹೋದ ವರ್ಷವೇ ಇಬ್ಬರಿಗೆ ಇಳಿದಿತ್ತು, ಜೂನಿನಿಂದ ಒಬ್ಬರೂ ಇಲ್ಲ. ಈಗಿನವರೆಲ್ಲ ದೊಡ್ಡ ಸೆಂಟರಿಗೆ ಹೋಗುತ್ತಾರೆ. ಈ ವರ್ಷವೆಲ್ಲ ನನಗಿದ್ದ ಖಾಯಂ ವಿದ್ಯಾರ್ಥಿನಿ ನೀನೊಬ್ಬಳೇ.

ಏಪ್ರಿಲಿನಲ್ಲಿ ಒಂದು ಫೋನು ಮಾಡಿದ್ದರೆ ಸಾಕಿತ್ತು. ‘ಎಕ್ಸ್-ರೇಯವರ ವಿಷಯ ನನಗೆ ಗೊತ್ತು, ಇದರಿಂದ ನನ್ನ ಮಗನಿಗೆ ಏನೂ ಅನ್ಯಾಯ ಆಗಲ್ಲ, ನೀನು ಹೋಗು’ ಎಂದರೆ ಮುಗಿಯಿತು. ಮಾಡಿದೆ ಕೂಡ. ನೀನು ಎತ್ತಿದೆ. ‘ಊಟ ಆಯ್ತಾ’ ಎಂದು ಕೇಳಿ ಇಟ್ಟೆ.

ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಲು ನಿನಗೆ ಮನಸ್ಸಾಗಲಿಲ್ಲ. ಒಂಟಿಯಾಗಿ ಉಳಿಯಲು ನನಗೆ ಧೈರ್ಯವಾಗಲಿಲ್ಲ. ಎರಡೂ ಒಂದೇ ಅಲ್ಲ. ನಿನ್ನದು ಪ್ರೀತಿ. ನನ್ನದು ಸ್ವಾರ್ಥ. ಇದನ್ನು ಓದಿ ನೀನು ಏನು ಬೇಕಾದರೂ ಅನ್ನು. ಆದರೆ ಪರೀಕ್ಷೆಗೆ ಹೆಸರು ಕೊಡು.

ಅತ್ತೆ


ನವೆಂಬರ್ 4

ಮಗಳೇ,

ಪತ್ರ ತಲುಪಿತೇ? ನೀನು ಫೋನು ಎತ್ತುತ್ತಿಲ್ಲ. ಆರೋಗ್ಯವಾಗಿದ್ದೇನೆ ಎಂದು ಒಂದು ಸಾಲು ಬರೆ ಸಾಕು.

ಅತ್ತೆ


ಜನವರಿ 30

ಅತ್ತೆಯವರಿಗೆ,

ನಿಮ್ಮ ಎರಡು ಪತ್ರವೂ ತಲುಪಿವೆ. ಉತ್ತರ ಬರೆಯಲು ಕೂತಾಗಲೆಲ್ಲ ಎರಡು ಸಾಲು ಬರೆದು ಹರಿದು ಹಾಕುತ್ತಿದ್ದೆ.

ನಾಲ್ಕು ತಿಂಗಳು ನಿಮ್ಮ ಮೇಲೆ ಕುದಿದಿದ್ದೇನೆ. ತಪ್ಪು ಬರೆದವಳು ನಾನು, ಅದು ನನ್ನ ಹಣೆಬರಹ. ಪರೀಕ್ಷೆ ನನ್ನನ್ನು ಬೇಡ ಅಂದುಬಿಟ್ಟರೆ ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡೆ. ನಿಮ್ಮ ಮುಂದೆ ನಿಂತು ಇನ್ನೊಬ್ಬರ ವಿಷಯ ಎತ್ತಬೇಕಾಗಿಲ್ಲ, ನಿಮ್ಮನ್ನು ಆ ಮೆಟ್ಟಿಲ ಮೇಲೆ ಬಿಟ್ಟು ಹೋಗಬೇಕಾಗಿಲ್ಲ. ಮೇ ತಿಂಗಳಲ್ಲಿ ನಿಜವಾದ ಪರೀಕ್ಷೆಯ ಹಾಳೆಯ ಮೇಲೂ ಗೊತ್ತಿದ್ದ ಉತ್ತರ ಅಳಿಸಿ ಬೇರೆ ಬರೆದೆ. ಬರೆದು ಹೊರಗೆ ಬಂದಾಗ ಎಕ್ಸ್-ರೇಯವರು ಗೇಟಿನ ಹತ್ತಿರ ಕಾಯುತ್ತಿದ್ದರು. ರಿಸಲ್ಟು ಬಂದ ದಿನ ಒಂದೇ ಮಾತು ಕೇಳಿದರು: ‘ಪಾಸಾಗೋಕೆ ಆಗ್ತಿಲ್ವೋ, ಇಷ್ಟ ಇಲ್ವೋ? ಇಷ್ಟ ಇಲ್ಲ ಅಂದ್ರೆ ಹೇಳಿಬಿಡು, ಬೇಜಾರಿಲ್ಲ.’ ನಾನು ‘ಆಗ್ತಿಲ್ಲ’ ಅಂದೆ. ನಂಬಿದರೋ ಇಲ್ಲವೋ ಗೊತ್ತಿಲ್ಲ.

ಆದರೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಐದು ತಿಂಗಳು ಸುಮ್ಮನಿದ್ದಿರಿ. ನನ್ನ ಗಂಡನ ಪತ್ರವನ್ನು ಬಿಡಲಿಲ್ಲ ನೀವು, ಊರ ಮಕ್ಕಳ ಅಕ್ಷರವನ್ನು ಬಿಡಲಿಲ್ಲ. ನನ್ನ ತಪ್ಪೊಂದನ್ನೇ ಯಾಕೆ ತಿದ್ದಲಿಲ್ಲ ಅತ್ತೆ? ತಿದ್ದಬೇಕಿತ್ತು.

ಡಿಸೆಂಬರಿನಲ್ಲಿ ಪರೀಕ್ಷೆ ಬರೆದೆ. ನಲವತ್ತಕ್ಕೆ ಮೂವತ್ತೆಂಟು. ಬೇರೆ ದೇಶದ ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಇನ್ನೂ ದೂರ. ಎಕ್ಸ್-ರೇಯವರಿಗೆ ತಿಳಿಸಿದೆ. ಅಲ್ಲಿಯೇ ಒಬ್ಬರೊಂದಿಗೆ ಮದುವೆ ನಿಶ್ಚಯವಾಗಿದೆ ಎಂದು ಉತ್ತರ ಬಂತು. ಒಳ್ಳೆಯ ಮಾತಿನಲ್ಲೇ ಬರೆದಿದ್ದಾರೆ.

ಫೆಬ್ರವರಿ 18ಕ್ಕೆ ಹೊರಡುತ್ತೇನೆ. ವಿಮಾನಕ್ಕೆ ಹೋಗುವ ಬಸ್ಸು ನಿಮ್ಮ ಊರ ಮೇಲೇ ಹೋಗುತ್ತದೆ. ಮಧ್ಯಾಹ್ನ ಎರಡೂ ನಲವತ್ತಕ್ಕೆ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಬರಬೇಕೆನ್ನಿಸಿದರೆ ಬನ್ನಿ.

ಸೊಸೆ


ಮಾರ್ಚ್ 2

ಅತ್ತೆಯವರಿಗೆ ನಮಸ್ಕಾರ.

ಬಂದು ತಲುಪಿದ್ದೇನೆ. ಕೋಣೆ ಚಿಕ್ಕದು, ಕಿಟಕಿ ದೊಡ್ಡದು. ಹೀಟರು ಕಟಕಟ ಅನ್ನುತ್ತದೆ. ವಾರ್ಡಿನಲ್ಲಿ ಹದಿನೆಂಟೇ ಮಂಚ, ಕೇಸ್ ಶೀಟೆಲ್ಲ ಅಚ್ಚಿನ ಅಕ್ಷರ. ಸುಲಭವಾಗಿ ಓದುತ್ತೇನೆ.

ಒಂದು ಮಾತು ಬರೆಯದೆ ಸಮಾಧಾನವಿಲ್ಲ. ಆ ದಿನ ಬಸ್ಸು ಬರುವ ಮೊದಲೇ ನೀವು ಬಂದು ನಿಂತಿದ್ದಿರಿ. ಎಷ್ಟು ಸಣ್ಣಗಾಗಿದ್ದೀರಿ. ಕಿಟಕಿಯ ಕೆಳಗೆ ನಿಂತು, ಕನ್ನಡಕ ತೆಗೆದು ಒರೆಸಿ, ‘ಸರ್ಟಿಫಿಕೇಟ್ ಎಲ್ಲಾ ಇಟ್ಕೊಂಡಿದ್ದೀಯಾ’ ಎಂದು ಕೇಳಿದಿರಿ. ಇಟ್ಟುಕೊಂಡಿದ್ದೇನೆ ಅಂದೆ. ಒರಿಜಿನಲ್ ಒಂದು ಕಡೆ, ಜೆರಾಕ್ಸ್ ಒಂದು ಕಡೆ ಇಡು ಅಂದಿರಿ. ಆಯಿತು ಅಂದೆ. ಡ್ರೈವರು ಬಂದು ಹತ್ತಿದ. ನೀವು ಎರಡು ಹೆಜ್ಜೆ ಹಿಂದೆ ಸರಿದು ನಿಂತಿರಿ.

ನನ್ನ ಕೈಚೀಲ ತೊಡೆಯ ಮೇಲೇ ಇತ್ತು. ಪೆಟ್ಟಿಗೆಯನ್ನು ಬಸ್ಸಿನ ಹೊಟ್ಟೆಗೆ ಹಾಕಿಸದೆ ಕಾಲ ಹತ್ತಿರ ಇಟ್ಟುಕೊಂಡಿದ್ದೆ. ಅಷ್ಟೊಂದು ಸಿಟ್ಟು ಮಾಡಿಕೊಂಡು ಬಂದವಳು ನಿಮ್ಮನ್ನು ನೋಡಿದ ಕೂಡಲೇ ಮೆತ್ತಗಾಗಿದ್ದೆ. ‘ಹೋಗಬೇಡ’ ಅನ್ನುವುದು ಬೇಡ, ‘ಹೋಗ್ತೀಯಾ’ ಎಂದು ಕೇಳಿದ್ದರೂ ಇಳಿದುಬಿಡುತ್ತಿದ್ದೆ. ನೀವು ಕೇಳಲಿಲ್ಲ. ಊರು ದಾಟುವವರೆಗೂ ಅಳುತ್ತಿದ್ದೆ. ಇಷ್ಟಾದ ಮೇಲೂ ನಿಮಗೆ ನಾನು ಒಂದು ಸರ್ಟಿಫಿಕೇಟಿಗಿಂತ ಹೆಚ್ಚಲ್ಲವೇ ಅನ್ನಿಸಿತು.

ನಿಮ್ಮ ಸೊಸೆ


ಮಾರ್ಚ್ 15

ಮಗಳೇ,

ನಿನ್ನ ಪತ್ರ ನಿನ್ನೆ ಬಂತು. ಅಲ್ಲಿ ಚಳಿಯಂತೆ, ಮೈ ಬೆಚ್ಚಗಿಟ್ಟುಕೋ.

ತೊಡೆಯ ಮೇಲಿದ್ದ ಕೈಚೀಲವನ್ನೂ ಕಾಲ ಹತ್ತಿರವಿದ್ದ ಪೆಟ್ಟಿಗೆಯನ್ನೂ ನೋಡಿದೆ. ಬೆಳಿಗ್ಗೆಯಿಂದ ನನ್ನ ಬಾಯಲ್ಲಿದ್ದದ್ದು ಒಂದೇ ಮಾತು, ‘ಹೋಗಬೇಡ’. ಹೇಳಿದರೆ ನೀನು ಇಳಿದುಬಿಡುತ್ತೀಯ ಎಂದು ಗೊತ್ತಿತ್ತು. ಅದಕ್ಕೇ ಸರ್ಟಿಫಿಕೇಟಿನ ವಿಷಯ ಕೇಳಿದೆ.

ಅತ್ತೆ